ಬೆಟ್ಟದ ಏರಿಗೆ ಅಕ್ಕ ಆರಿಸಿದ ಟರ್ಬೊ

ಬಿಸಿಯಾದ ಇಂಜಿನ್ನನ್ನು ಅಂಗೈಯಿಂದ ಮುಟ್ಟಬಾರದು, ಹಿಂಗೈಯಿಂದ ಮುಟ್ಟಬೇಕು ಎನ್ನುತ್ತಿದ್ದರು ಅಕ್ಕ. “ಸುಟ್ರೆ ಇಂಗೈ ಸುಡ್ಲಿ ತಮ್ಮಯ್ಯ. ಸ್ಟೇರಿಂಗ್ ಇಡ್ಕಳಕೆ ಅಂಗೈ ಬೇಕಲ್ವಾ?” ಅವರ ಎರಡೂ ಹಿಂಗೈಗಳ ಮೇಲೆ ಸಣ್ಣ ಸಣ್ಣ ಸುಟ್ಟ ಕಲೆಗಳಿದ್ದವು. ಬಳೆ ಸರಿದಾಗ ಮಾಸಿದ ಗೋರಂಟಿಯ ಹಾಗೆ ಕಾಣುತ್ತಿದ್ದವು.

ಕಳೆದ ತಿಂಗಳು ಶಾಗ್ಯದ ಕಡೆಯ ಗಿರಾಕಿಯೊಬ್ಬ ನನ್ನ ಅಂಗಡಿಗೆ ಡೀಸೆಲ್ ಫಿಲ್ಟರ್ ಕೊಳ್ಳಲು ಬಂದವನು, “ಪಿಕಪ್ ಓಡುಸ್ತಿದ್ದ ಅಕ್ಕ ತೀರ್ಕಬುಟ್ರು, ಗೊತ್ತಾಯ್ತಾ ಸಾ?” ಎಂದ. ಗೊತ್ತಿರಲಿಲ್ಲ. ಕೈಯಲ್ಲಿದ್ದ ಫಿಲ್ಟರನ್ನು ಮತ್ತೆ ಕಪಾಟಿಗೇ ಇಟ್ಟುಬಿಟ್ಟೆ. “ಅದು ನಂದು ಸಾ” ಎಂದು ಅವನು ಕೈ ಚಾಚಿದ ಮೇಲೆ ಎಚ್ಚರವಾಯಿತು.

ಕೊಳ್ಳೇಗಾಲದಲ್ಲಿ ವಾಹನಗಳ ಬಿಡಿಭಾಗ ಮಾರುವ ಅಂಗಡಿ ನನ್ನದು. ಗಿರಾಕಿಯಾದರೂ ಅಕ್ಕ ಅಂಗಡಿಯ ಒಳಗೆ ಬರುತ್ತಿರಲಿಲ್ಲ. ಗಾಡಿಯನ್ನು ಎದುರಿಗೇ ನಿಲ್ಲಿಸಿ, ಕಿಟಕಿಯಿಂದ ತಲೆ ಹಾಕಿ, ಬೇಕಾದ ಸಾಮಾನಿನ ಹೆಸರನ್ನು ಇಡೀ ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದರು. ನಾನು ತಕ್ಷಣ ಏಳದಿದ್ದರೆ ಹಾರ್ನ್ ಒತ್ತುತ್ತಿದ್ದರು. ಇಳಿಯದಿರುವುದಕ್ಕೆ ಸೊಕ್ಕು ಕಾರಣವಲ್ಲ. ಪಕ್ಕದ ಸೀಟಿನಲ್ಲಿ ಅವರ ಗಂಡ ಕೂತಿರುತ್ತಿದ್ದರು. ಅವರಿಗೆ ಇಳಿಯಲಾಗುತ್ತಿರಲಿಲ್ಲ, ಅವರೊಬ್ಬರನ್ನೇ ಬಿಟ್ಟು ಇಳಿಯುವುದು ಅಕ್ಕನಿಗೆ ಸರಿಬರುತ್ತಿರಲಿಲ್ಲ.

ಅಕ್ಕ ಕುಂತೂರಿನ ಮಗಳು. ಮದುವೆಗೆ ಮುಂಚೆಯೇ ಅಪ್ಪನ ಟ್ರ್ಯಾಕ್ಟರಿನಲ್ಲಿ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆದವರು. ಶಾಗ್ಯಕ್ಕೆ ಸೊಸೆಯಾಗಿ ಬಂದ ಮೇಲೆ ಸ್ಟೇರಿಂಗ್ ಮುಟ್ಟಿರಲಿಲ್ಲ. ಭಾವ, ಅಂದರೆ ಅವರ ಗಂಡ, ವರ್ಷಗಟ್ಟಲೆ ಲಾರಿ ಓಡಿಸಿ ಕೊನೆಗೆ ಸ್ವಂತಕ್ಕೆ ಒಂದು ಡೀಸೆಲ್ ಪಿಕಪ್ ಕೊಂಡರು. ಅದು ಹೊಸದಿರುವಾಗಲೇ ಮೂಟೆಗಳ ಮೇಲೆ ನಿಂತು ಹಗ್ಗ ಬಿಗಿಯುತ್ತ ಹಿಮ್ಮುಖವಾಗಿ ಬಿದ್ದರು. ಸೊಂಟಕ್ಕೆ ಪೆಟ್ಟಾಗಿ ಎಡಗಾಲಿನ ಶಕ್ತಿ ಹೋಯಿತು. ಕ್ಲಚ್ ಒತ್ತುವ ಕಾಲೇ ಹೋದ ಮೇಲೆ ಡ್ರೈವರ್ ಏನು ಮಾಡಬೇಕು? ಆಸ್ಪತ್ರೆಯಿಂದ ಅವರನ್ನು ಮನೆಗೆ ಕರೆತಂದದ್ದೇ ಅದೇ ಪಿಕಪ್ಪಿನಲ್ಲಿ. ಓಡಿಸಿದವರು ಅಕ್ಕ. ಅವತ್ತಿನಿಂದ ಬಲಗಡೆ ಅಕ್ಕ, ಎಡಗಡೆ ಭಾವ.

ಇಬ್ಬರೂ ದಾರಿಯುದ್ದಕ್ಕೂ ಜಗಳವಾಡುತ್ತಿದ್ದರು. “ಗೇರ್ ಇಳ್ಸಮ್ಮಿ, ಇಂಜಿನ್ ಅಳ್ತಾ ಅದೆ!” “ಅಳ್ಳಿ ಬುಡಿ, ನಾನೂ ದಿನಾ ಅಳ್ತೀನಿ, ಯಾರ್ ಕೇಳ್ತಾರೆ?” ಮಧುವನಹಳ್ಳಿಯಲ್ಲಿ ಬಸ್ಸಿಗೆ ಕಾಯುವವರಿಗೆ ಇವರ ಗಾಡಿ ಬಂತೆಂದು ಹಾರ್ನಿಗಿಂತ ಮೊದಲು ಜಗಳದಿಂದಲೇ ಗೊತ್ತಾಗುತ್ತಿತ್ತು.

ಅಕ್ಕ ಬಾಯಿ ಮುಚ್ಚುತ್ತಿದ್ದದ್ದು ಅಪಾಯ ಬಂದಾಗ ಮಾತ್ರ. ಒಮ್ಮೆ ಹನೂರಿನ ಸಂತೆಯ ದಿನ ಅವರ ಬ್ರೇಕಿನ ಪೈಪು ಒಡೆಯಿತು. ಎದುರಿಗೆ ಜನ, ಎತ್ತು, ಈರುಳ್ಳಿ ರಾಶಿ. ಅಕ್ಕ ಸದ್ದಿಲ್ಲದೆ ಗಾಡಿಯನ್ನು ರಸ್ತೆ ಪಕ್ಕದ ಹುಲ್ಲಿನ ಮೆದೆಗೆ ನುಗ್ಗಿಸಿ ನಿಲ್ಲಿಸಿದರು. ಇಳಿದ ಮೇಲೆ ಮೆದೆಯ ಯಜಮಾನನನ್ನು ಹಿಡಿದುಕೊಂಡರು. “ರಸ್ತೆಗೆ ಇಷ್ಟು ಅತ್ರ ಯಾಕ್ಲಾ ಒಟ್ಟಿದ್ದೀಯೆ?” ಎಂದು ಬೈದರು. ಅವರನ್ನು ಉಳಿಸಿದ್ದೇ ತನ್ನ ಮೆದೆ ಎನ್ನುವುದು ಹೊಳೆಯದೆ ಆ ಬಡಪಾಯಿ ಹುಲ್ಲನ್ನು ಹಿಂದಕ್ಕೆ ಸರಿಸತೊಡಗಿದ.

ಅವರ ಸಂಪಾದನೆಯೆಲ್ಲ ಬೆಟ್ಟದ ಬಾಡಿಗೆಯಿಂದ ಬರುತ್ತಿತ್ತು. ಕೊಳ್ಳೇಗಾಲದ ಮಂಡಿಯಲ್ಲಿ ಅಕ್ಕಿ, ಬೇಳೆ, ಎಣ್ಣೆ ಡಬ್ಬ ತುಂಬಿಸಿಕೊಂಡು ಯಳಂದೂರಿನ ಮೇಲೆ ಬಿಳಿಗಿರಿ ಬೆಟ್ಟ ಹತ್ತಿ, ಮೇಲಿನ ಅಂಗಡಿಗಳಿಗೂ ಗಿರಿಜನರ ಹಾಡಿಗಳಿಗೂ ಇಳಿಸಿ ಬರಬೇಕು. ಸಂಜೆ ಆಗುತ್ತಿದ್ದಂತೆ ಬೆಟ್ಟದ ಬುಡದ ಗೇಟು ಹಾಕುತ್ತಿದ್ದರು. ಒಳಗೆ ಸಿಕ್ಕಿಕೊಂಡರೆ ಆನೆಯ ಭಯ. ಎರಡು ಸಾವಿರದ ಇಸವಿಯ ಆಸುಪಾಸಿನ ಆ ವರ್ಷಗಳಲ್ಲಿ ಆನೆಗಿಂತ ದೊಡ್ಡ ಭಯ ಇನ್ನೊಂದಿತ್ತು. ಕಾಡಿನಲ್ಲಿ ತಲೆಮರೆಸಿಕೊಂಡವರಿಗಾಗಿ ಈ ಸೀಮೆಯ ಕಾಡುಗಳಲ್ಲೆಲ್ಲ ಪೊಲೀಸರು ಬಂದೂಕು ಹಿಡಿದು ಅಲೆಯುತ್ತಿದ್ದ ಕಾಲ ಅದು. ಅಕ್ಕಿ ಮೂಟೆ ಹೇರಿದ ಗಾಡಿ ಹೊತ್ತು ಮುಳುಗಿದ ಮೇಲೂ ಕಾಡಿನಲ್ಲಿ ನಿಂತಿದ್ದರೆ ಮೊದಲು ಬರುವ ಪ್ರಶ್ನೆ, “ಈ ಅಕ್ಕಿ ಯಾರಿಗೆ?”

ಆ ಪ್ರಶ್ನೆ ಅಕ್ಕನಿಗೂ ಬಂತು. ಪಿಕಪ್ಪಿನ ಜೊತೆಗೇ ಬಂದಿದ್ದ ಸಣ್ಣ ಟರ್ಬೊ ಸವೆದು ಹೋಗಿತ್ತು. ಇಂಜಿನ್ ಬಿಡುವ ಹೊಗೆಯ ರಭಸಕ್ಕೆ ಟರ್ಬೊದ ಒಂದು ಚಕ್ರ ತಿರುಗುತ್ತದೆ. ಅದೇ ಸರಳಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಇಂಜಿನ್ನಿಗೆ ಒತ್ತಿ ತುಂಬುತ್ತದೆ. ಗಾಳಿ ಕಡಿಮೆಯಾದರೆ ಡೀಸೆಲ್ ಪೂರ್ತಿ ಉರಿಯದೆ ಕರಿ ಹೊಗೆ ಬರುತ್ತದೆ, ಏರಿನಲ್ಲಿ ಗಾಡಿ ಎತ್ತುವುದಿಲ್ಲ. ಒಂದು ಸಂಜೆ ಗಾಡಿ ಬೆಟ್ಟದ ತಿರುವಿನಲ್ಲಿ ನಿಂತೇಬಿಟ್ಟಿತು. ಭಾವನಿಗೆ ಇಳಿದು ನಡೆಯಲು ಆಗದು, ಅಕ್ಕ ಬಿಟ್ಟು ಹೋಗುವವರಲ್ಲ. ಬಂದೂಕಿನವರು ಬಂದು ಇಬ್ಬರನ್ನೂ ಕರೆದೊಯ್ದು, ಮಾರನೆಯ ದಿನ ಮಂಡಿಯವರು ಬಂದು ಹೇಳುವ ತನಕ ಕೂರಿಸಿಕೊಂಡಿದ್ದರು. ಯಾರೂ ಕೈ ಮಾಡಲಿಲ್ಲ. ಆದರೆ ಭಾವ ನಿಜವಾಗಿಯೂ ಕುಂಟನೋ ಅಲ್ಲವೋ ಎಂದು ನೋಡಲು ಅವರನ್ನು ಎದ್ದು ನಡೆಯುವಂತೆ ಹೇಳಿದರಂತೆ. ಭಾವ ಎದ್ದರು, ಬಿದ್ದರು. ಅಕ್ಕ ಇದನ್ನು ಹೇಳುವಾಗ ಮಾತ್ರ ಅವರ ದನಿ ತಗ್ಗುತ್ತಿತ್ತು.

“ಇನ್ನೊಂದ್ ಸಲ ಆ ಏರಲ್ಲಿ ನಾನು ನಿಲ್ಲಕಿಲ್ಲ ತಮ್ಮಯ್ಯ. ಎಂಥದ್ನಾರ ಆಕು, ಎತ್ತಬೇಕು ಅಷ್ಟೆ.”

ನನ್ನ ಅಂಗಡಿಯ ಪಕ್ಕದ ಶೆಡ್ಡು ಮುರುಗೇಶನದು. ಗಡಿಯ ಕಡೆಯಿಂದ ಬಂದ ಮೆಕ್ಯಾನಿಕ್, ತಮಿಳು ಬೆರೆಸಿ ಕನ್ನಡ ಮಾತಾಡುತ್ತಿದ್ದ. ಅವನ ಬೆಂಚಿನ ಮೇಲೆ ಒಂದು ಬೆಳಿಗ್ಗೆ ಮೂರು ಟರ್ಬೊ ಸಾಲಾಗಿ ಕೂತವು. ಒಂದು ಹಳೆಯದರ ಅಳತೆಯದೇ, ಹೊಸದು. ಎರಡನೆಯದು ಅದಕ್ಕಿಂತ ಸ್ವಲ್ಪ ದೊಡ್ಡದು. ಇದರಲ್ಲಿ ಗಾಳಿ ತುಂಬುವ ಚಕ್ರ ಮಾತ್ರ ದೊಡ್ಡದು, ಹೊಗೆಯ ಕಡೆಯ ಗೂಡು ಚಿಕ್ಕದು. ಹಾಗಾಗಿ ಇಂಜಿನ್ ನಿಧಾನವಾಗಿ ತಿರುಗುವಾಗಲೂ ಬೇಗ ಸುತ್ತು ಹಿಡಿಯುತ್ತದೆ. ಒತ್ತಡ ಮಿತಿಮೀರಿದರೆ ತಾನೇ ತೆರೆದುಕೊಳ್ಳುವ ಸಣ್ಣ ಬಾಗಿಲೂ ಇತ್ತು. ಮೂರನೆಯದನ್ನು ಭಾವ ತಮ್ಮ ಹಳೆಯ ಲಾರಿ ಗೆಳೆಯರ ಮೂಲಕ ತರಿಸಿದ್ದರು. ಎಲ್ಲೋ ಒಡೆದು ಹಾಕಿದ ಲಾರಿಯಿಂದ ಬಿಚ್ಚಿದ್ದು, ಕುಂಬಳಕಾಯಿ ಗಾತ್ರ.

“ದೊಡ್ಡದು ಬೇಡ ಅಕ್ಕ,” ಎಂದೆ. “ಬೆಟ್ಟದ ತಿರುವಿನಲ್ಲಿ ಗಾಡಿ ನಿಧಾನ ಇರುತ್ತೆ. ಇಷ್ಟು ದಪ್ಪ ಚಕ್ರ ತಿರುಗಿಸುವಷ್ಟು ಹೊಗೆ ಆಗ ಇಂಜಿನ್‌ನಲ್ಲಿ ಇರೋದಿಲ್ಲ. ಬೇಕಾದಾಗ ಎತ್ತಲ್ಲ, ಬೇಡವಾದಾಗ ಎಳೆಯುತ್ತೆ.”

“ನೀನು ಮಾರೋನು, ನಾನು ಓಡ್ಸಿದೋನು,” ಎಂದರು ಭಾವ. ಗಾಡಿಯ ಬಾಗಿಲು ತೆಗೆಸಿಕೊಂಡು, ಕಾಲು ಹೊರಗೆ ಇಳಿಬಿಟ್ಟು, ಆ ಟರ್ಬೊವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಬಹಳ ದಿನಗಳ ಮೇಲೆ ಅವರ ಮುಖದಲ್ಲಿ ಗೆಲುವಿತ್ತು. “ಇಂಥದ್ ಆಕಂಡು ನಾವು ಎಂಥೆಂಥ ಘಾಟ್ ಅತ್ತಿದ್ದೀವಿ ಗೊತ್ತಾ?”

ಮುರುಗೇಶ, “ಅಣ್ಣೇ, ಅದು ಲಾರಿ ಇಂಜಿನ್ನು. ಈ ಗಾಡೀದು ಚಿಕ್ಕದಲ್ವಾ?” ಎಂದ.

ಅಕ್ಕ ಮೂರರ ಚಕ್ರಗಳನ್ನೂ ಬೆರಳಿನಿಂದ ತಿರುಗಿಸಿ ನೋಡಿದರು. ನಡುವಿನದರ ಮೇಲೆ ಕೈ ಬಹಳ ಹೊತ್ತು ನಿಂತಿತ್ತು. ಆಮೇಲೆ, “ಇವ್ರು ಏಳಿದ್ದೇ ಆಕು” ಎಂದು ಮುರುಗೇಶನಿಗೆ ಹೇಳಿ ಟೀ ತರಲು ಹೊರಟರು. ನಾನು ಹಿಂದೆಯೇ ಹೋಗಿ ತಡೆದೆ.

“ನಿಮಗೂ ಮಧ್ಯದ್ದೇ ಸರಿ ಅನ್ನಿಸ್ತಲ್ಲ ಅಕ್ಕ?”

“ಅನ್ನುಸ್ತು.”

“ಮತ್ತೆ?”

“ಆ ದಿನ ಪೋಲೀಸ್ನೋರ ಮುಂದೆ ಇವ್ರು ಬಿದ್ರಲ್ಲ ತಮ್ಮಯ್ಯ, ಅಲ್ಲಿಂದ ಒಂದು ಮಾತೂ ಇವ್ರದು ನಡೆದಿಲ್ಲ. ಮನೇಲೂ ಇಲ್ಲ, ಗಾಡೀಲೂ ಇಲ್ಲ. ಇದೊಂದು ನಡೀಲಿ. ಎತ್ತದೆ ಓದ್ರೆ ಬಿಚ್ಚಾಕುದ್ರಾಯ್ತು.”

ಬಿಚ್ಚಿ ಹಾಕಿದರಾಯಿತು ಎನ್ನುವಷ್ಟು ಸುಲಭದಲ್ಲಿ ಅದು ಮುಗಿಯಲಿಲ್ಲ.

ಮೊದಲ ಲೋಡಿಗೆ ಮುರುಗೇಶನೂ ನಾನೂ ಜೊತೆಗೆ ಹೋದೆವು, ಹಿಂದೆ ಅಕ್ಕಿ ಮೂಟೆಗಳ ಮೇಲೆ ಕೂತು. ಗೇಟು ದಾಟಿ ಏರು ಶುರುವಾದ ಮೇಲೆ ನಾನು ಅಂದುಕೊಂಡ ಹಾಗೇ ಆಯಿತು. ಪ್ರತಿ ತಿರುವಿನಲ್ಲೂ ಗಾಡಿ ಸೋತು, ಕರಿ ಹೊಗೆ ಉಗುಳುತ್ತ, ಇನ್ನೇನು ನಿಂತಿತು ಎನ್ನುವಾಗ ಒಮ್ಮೆಲೇ ಶಿಳ್ಳೆ ಹೊಡೆದು ಮುಂದಕ್ಕೆ ಜಿಗಿಯುತ್ತಿತ್ತು. ಮೂಟೆಗಳು ನಮ್ಮನ್ನು ಹಿಂದಕ್ಕೆ ಒದೆಯುತ್ತಿದ್ದವು. ಒಳಗಿನಿಂದ ಭಾವನ ಕೂಗು ಕೇಳಿತು. “ನೋಡ್ದಾ ಅಮ್ಮಿ? ಎಳೆತ ಅಂದ್ರೆ ಇದು!” ಅಕ್ಕ ತಿರುಗಿ ಜಗಳವಾಡುತ್ತಿಲ್ಲ ಎನ್ನುವುದು ಗಮನಕ್ಕೆ ಬಂದಾಗ ಮೂಟೆಯ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡೆ.

ಕಡಿದಾದ ತಿರುವೊಂದು ಮುಗಿಯುತ್ತಲೇ ಶಿಳ್ಳೆಯ ದನಿ ಬದಲಾಯಿತು. ಹೊಗೆ ಕಪ್ಪಿನಿಂದ ನೀಲಿಯಾಯಿತು, ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಅಡರಿತು. ಇಂಜಿನ್ ಏರಿತು, ಇನ್ನೂ ಏರಿತು, ಕಿರುಚತೊಡಗಿತು. “ಅಯ್ಯೋ ಕಡವುಳೇ, ಆಯಿಲ್ ಕುಡೀತಾ ಇದೆ!” ಎಂದ ಮುರುಗೇಶ. ಟರ್ಬೊದ ಸೀಲು ಹರಿದಿತ್ತು. ಅದರೊಳಗಿನ ಎಣ್ಣೆ ಗಾಳಿಯ ಜೊತೆ ಇಂಜಿನ್ನಿಗೆ ನುಗ್ಗಿ ಡೀಸೆಲ್ಲಿನ ಹಾಗೆ ಉರಿಯುತ್ತಿತ್ತು. ಆಗ ಆಕ್ಸಿಲರೇಟರ್ ಬಿಟ್ಟರೂ ಒಂದೇ, ಒತ್ತಿದರೂ ಒಂದೇ. ಹಿಂದಿನ ಗಾಜಿನಲ್ಲಿ ಅಕ್ಕ ಕೀ ತಿರುಗಿಸಿದ್ದು ಕಂಡಿತು. ಇಂಜಿನ್ ನಿಲ್ಲಲಿಲ್ಲ. ಮತ್ತೆ ಮತ್ತೆ ತಿರುಗಿಸಿದರು. ನಿಲ್ಲಲಿಲ್ಲ. ತುಂಬಿದ ಗಾಡಿ ಯಾರೋ ಹಿಂದಿನಿಂದ ನೂಕಿದಂತೆ ಏರನ್ನು ಓಡಿ ಹತ್ತುತ್ತಿತ್ತು. ಮುಂದೆ ರಸ್ತೆ ಬಲಕ್ಕೆ ತಿರುಗುತ್ತಿತ್ತು, ಎಡಕ್ಕೆ ಬಿದಿರು ಬೆಳೆದ ಕಣಿವೆ.

“ಬ್ರೇಕ್ ಮ್ಯಾಲೆ ನಿಂತ್ಕ!” ಭಾವನ ದನಿ ಇಂಜಿನ್ನಿನ ಕಿರುಚಾಟವನ್ನೂ ಮೀರಿ ಬಂತು. “ಟಾಪ್ ಆಕು! ಟಾಪ್ ಆಕಿ ಕ್ಲಚ್ ಬುಟ್ಬುಡು! ಬುಡಮ್ಮಿ!”

ಟಾಪ್ ಗೇರಿನಲ್ಲಿ ಅಷ್ಟು ಭಾರ ಎಳೆಯಲಾಗದೆ ಇಂಜಿನ್ ಉಸಿರು ಕಟ್ಟಿ ಸಾಯಬೇಕು. ಇರುವುದು ಅದೊಂದೇ ದಾರಿ. ಗೇರು ಬದಲಿಸಲು ಕ್ಲಚ್ ಒತ್ತಿದ ಆ ಕ್ಷಣ ಇಂಜಿನ್ ಒಡೆದು ಚೂರಾಗುತ್ತದೆ ಎಂದೇ ನಾನು ಕಣ್ಣು ಮುಚ್ಚಿದೆ. ಗಾಡಿ ಗದಗದ ನಡುಗಿತು. ಮೂಟೆಯೊಂದು ಜಾರಿ ನನ್ನ ಕಾಲ ಮೇಲೆ ಬಿತ್ತು. ಆಮೇಲೆ ಒಮ್ಮೆಲೇ ಸದ್ದಡಗಿತು.

ಇಂಜಿನ್ ಸತ್ತಿತ್ತು. ಉಸಿರು ಬಿಡುವಷ್ಟರಲ್ಲಿ ಗಾಡಿ ಹಿಂದಕ್ಕೆ ಜಾರತೊಡಗಿತು. ಇಂಜಿನ್ ನಿಂತರೆ ಬ್ರೇಕಿಗೂ ಅರ್ಧ ಬಲ ಹೋದ ಹಾಗೆ. ಮುರುಗೇಶ ಹಾರಿ ಇಳಿದು ದಾರಿ ಬದಿಯ ಕಲ್ಲೊಂದನ್ನು ಚಕ್ರಕ್ಕೆ ಒಡ್ಡಿದ. ಗಾಡಿ ಅದನ್ನು ಒತ್ತಿ ಹಾರಿಸಿಬಿಟ್ಟಿತು. ನಾನೂ ಇಳಿದು ಇನ್ನೊಂದು ಕಲ್ಲನ್ನು ಎಳೆದೆ, ಅವನೂ ಕೈ ಹಾಕಿದ, ಇಬ್ಬರೂ ಸೇರಿ ನೂಕಿದೆವು. ಚಕ್ರ ಕಲ್ಲಿನ ಮೇಲೆ ಅರ್ಧ ಏರಿ, ಯೋಚಿಸಿ, ಇಳಿದು ನಿಂತಿತು. ಗಾಡಿಯ ಹಿಂಭಾಗ ಬಿದಿರು ಮೆಳೆಗೆ ತಾಗಿತ್ತು.

“ಅಕ್ಕಾ, ಬ್ರೇಕ್ ಬುಡಿ, ಕಲ್ಲು ಕೊಟ್ಟಿದೀವಿ,” ಎಂದ ಮುರುಗೇಶ ಕಿಟಕಿಯ ಹತ್ತಿರ ಹೋಗಿ. ಅಕ್ಕ ಬಿಡಲಿಲ್ಲ. ಮುಂದಿನ ರಸ್ತೆಯನ್ನೇ ನೋಡುತ್ತಿದ್ದರು. ಕಾಲು ಎತ್ತಲು ಅವರಿಗೆ ಆಗುತ್ತಿರಲಿಲ್ಲ. ಭಾವ ಕಷ್ಟಪಟ್ಟು ಪಕ್ಕಕ್ಕೆ ಬಾಗಿ, ಅವರ ಮಂಡಿಯ ಕೆಳಗೆ ಕೈ ಹಾಕಿ, ಕಾಲನ್ನು ಎತ್ತಿ ಪೆಡಲಿನಿಂದ ಈಚೆಗೆ ಇಟ್ಟರು. ದಿನಾ ಬೆಳಿಗ್ಗೆ ಅಕ್ಕ ಅವರ ಕಾಲನ್ನು ಹಾಗೆಯೇ ಎತ್ತಿ ಗಾಡಿಯೊಳಗೆ ಇಡುತ್ತಿದ್ದರು.

ಬೆಟ್ಟದಿಂದ ಇಳಿಯುತ್ತಿದ್ದ ಖಾಲಿ ಲಾರಿಯೊಂದು ಸಿಕ್ಕಿತು. ಮೂಟೆಗಳನ್ನು ಅದಕ್ಕೆ ಹಾಕಿ, ಪಿಕಪ್ಪನ್ನು ಕಬ್ಬಿಣದ ಸಲಾಕೆಯಿಂದ ಅದರ ಹಿಂದೆ ಕಟ್ಟಿ, ಇಂಚಿಂಚಾಗಿ ಇಳಿದೆವು. ಗೇಟಿನವನು ಅಡ್ಡಗಂಬ ಇಳಿಸಲು ಹಗ್ಗ ಬಿಚ್ಚುತ್ತಿದ್ದ. ನಮ್ಮನ್ನು ನೋಡಿ ಕೈ ತಡೆದ.

ಅವತ್ತಿನ ಮೇಲೆ ಭಾವ ಮನೆಯ ಜಗಲಿ ಬಿಟ್ಟು ಏಳಲೇ ಇಲ್ಲವಂತೆ. ಇಂಜಿನ್ ಕೆಟ್ಟಿರಲಿಲ್ಲ. ಮುರುಗೇಶ ಪೈಪುಗಳಲ್ಲಿ ತುಂಬಿದ್ದ ಎಣ್ಣೆ ತೆಗೆದು ತೊಳೆದು, ಹೊಸ ಟರ್ಬೊ ಒಂದೇ ಬಾಕಿ ಎಂದು ಶೆಡ್ಡಿನಲ್ಲಿ ನಿಲ್ಲಿಸಿಕೊಂಡಿದ್ದ. ಊರಿನಲ್ಲಿ ಜನ ಸುಮ್ಮನಿರಲಿಲ್ಲ. ಕುಂಟನ ಮಾತು ಕೇಳಿ ಕಣಿವೆಗೆ ಬೀಳುತ್ತಿದ್ದಳು ಎಂದು ಆಡಿಕೊಂಡರು. ಮಂಡಿಯವರು ಬೆಟ್ಟದ ಲೋಡಿಗೆ ಬೇರೆ ಗಾಡಿ ನೋಡುತ್ತೇವೆ ಎಂದು ಹೇಳಿ ಕಳಿಸಿದರು. ಬೆಟ್ಟ ಕೈ ತಪ್ಪಿದರೆ ಆ ಗಾಡಿಗೆ ಬೇರೆ ಕೆಲಸವಿರಲಿಲ್ಲ.

ಅಕ್ಕ ಬಸ್ಸಿನಲ್ಲಿ ಬಂದು ಅಂಗಡಿಯ ಒಳಗೆ ನಿಂತಾಗ ನನಗೆ ಗುರುತೇ ಹತ್ತಲಿಲ್ಲ. ಗಾಡಿಯಿಲ್ಲದೆ ಅವರು ಕುಳ್ಳಗೆ ಕಂಡರು.

“ಮಧ್ಯದ್ದು ಅದಾ?”

“ಇದೆ. ಇವತ್ತೇ ಹಾಕಿಸಿ ಕೊಡ್ತೀನಿ.”

“ಬ್ಯಾಡ. ನೀನು ಅದ ಊರ್ಗೆ ತಕಂಬಾ. ಇವ್ರು ನೋಡಿ ಏಳ್ಬೇಕು. ನಾನು ಕೊಟ್ರೆ ಮುಟ್ಟಕಿಲ್ಲ.”

“ಲೋಡು ಬೇರೆಯವರ ಪಾಲಾಗುತ್ತೆ ಅಕ್ಕ. ಮೊದಲು ಹಾಕಿಸೋಣ, ಆಮೇಲೆ ಹೇಳಿದರಾಯ್ತು.”

“ಓಗ್ಲಿ,” ಎಂದರು ಅಕ್ಕ. ಕಣ್ಣು ತುಂಬಿತ್ತು, ದನಿ ಮಾತ್ರ ಗಡುಸಾಗಿಯೇ ಇತ್ತು. “ಇವ್ರು ಜಗಳ ಆಡದ ಬುಟ್ಟವ್ರೆ ತಮ್ಮಯ್ಯ. ಸಾರ್ಗೆ ಉಪ್ಪೇ ಆಕ್ನಿಲ್ಲ ಮೊನ್ನೆ, ಬೇಕೂಂತಲೇ. ಸುಮ್ನೆ ಉಂಡ್ರು.”

ಮಾರನೆಯ ದಿನ ಟರ್ಬೊವನ್ನು ಗೋಣಿಯಲ್ಲಿ ಸುತ್ತಿಕೊಂಡು ಶಾಗ್ಯಕ್ಕೆ ಹೋದೆ. ಜಗಲಿಯ ಮೇಲೆ ಭಾವನ ಮುಂದೆ ಬಿಚ್ಚಿಟ್ಟೆ. ಅವರು ಬೀದಿಯ ಕಡೆ ನೋಡುತ್ತ ಕೂತರು. ಒಳಗೆ ಅಕ್ಕ ಮೊರದಲ್ಲಿ ರಾಗಿ ಕೇರುವ ಸದ್ದು ಬರುತ್ತಿತ್ತು. ನಾನು ಏನೇನೋ ಮಾತಾಡಿದೆ, ಮಳೆ, ರಾಗಿ, ರಸ್ತೆ. ಮಾತು ಮುಗಿಯಿತು. ಒಳಗಿನ ಮೊರದ ಸದ್ದೂ ನಿಂತಿತು.

ಆಗ ಭಾವನ ಕೈ ಟರ್ಬೊದ ಕಡೆ ಬಂತು. ಚಕ್ರ ತಿರುಗಿಸಲಿಲ್ಲ. ನಡುವಿನ ಸರಳನ್ನು ಎರಡು ಬೆರಳಲ್ಲಿ ಹಿಡಿದು ಮೇಲಕ್ಕೂ ಕೆಳಕ್ಕೂ ಅಲುಗಾಡಿಸಿದರು. ಅದು ಅಲುಗಲಿಲ್ಲ.

“ಆಟ ಇಲ್ಲ,” ಎಂದರು. ಆಮೇಲೆ, “ಆವತ್ತು ಅದ ಇಂಗೆ ಅಲ್ಲಾಡ್ಸಿ ನೋಡಿದ್ರೆ ಗೊತ್ತಾಗ್ಬುಡದು, ಸರಳು ಸಡ್ಲ ಆಗದೆ ಅಂತ. ಲಾರೀಲಿ ಇಷ್ಟು ವರ್ಸ ಇದ್ದೋನು ನಾನು. ನೋಡ್ನಿಲ್ಲ. ಸಂತೋಸದಲ್ಲಿ ನೋಡ್ನೇ ಇಲ್ಲ ಕಣ್ಲಾ. ಅವಳ್ನ ಸಾಯ್ಸಾಕ್ತಿದ್ದೆ.”

ಅಕ್ಕ ಮೊರ ಹಿಡಿದುಕೊಂಡೇ ಹೊರಗೆ ಬಂದರು. “ಟಾಪ್ ಆಕು ಅಂದವ್ರು ಯಾರು ಮತ್ತೆ? ಪಕ್ಕದ ಮನೆಯವ್ರಾ?”

“ನೀನು ಒಳಿಕ್ಕೋಗು.”

“ಓಗಕಿಲ್ಲ. ಇದು ಆಗ್ತದೋ ಇಲ್ವೋ ಅಷ್ಟ ಏಳಿ.”

“ಆಯ್ತದೆ. ಆದ್ರೆ ಡೀಸೆಲ್ ಪಂಪಿನ ತಿರುಪು ಜಾಸ್ತಿ ತಿರುಗುಸ್ಬಾರ್ದು. ಗಾಳಿ ಎಷ್ಟೋ ಅಷ್ಟೇ ಡೀಸೆಲ್ಲು. ಆಸೆ ಬಿದ್ದು ಜಾಸ್ತಿ ಕೊಟ್ರೆ ಇಂಜಿನ್ ಸುಟ್ಟೋಯ್ತದೆ.”

“ಅದ ಮುರುಗೇಶನ್ಗೆ ನೀವೇ ಬಂದು ಏಳಿ. ನಂಗೆ ನೆನ್ಪಿರಕಿಲ್ಲ.”

“ನಿಂಗ್ಯಾಕೆ ನೆನ್ಪಿದ್ದದು, ನೀನು ಸಾರ್ಗೆ ಉಪ್ಪಾಕದೂ ಮರೀತೀಯೆ!”

ಅಕ್ಕ ಮೊರವನ್ನು ಜಗಲಿಯ ಮೇಲೆ ಕುಕ್ಕಿ ಒಳಗೆ ಹೋದರು. ನನ್ನ ಕಡೆ ನೋಡಲಿಲ್ಲ. ಬಾಗಿಲ ಮರೆಯಲ್ಲಿ ಸೆರಗಿನಿಂದ ಮುಖ ಒರೆಸಿಕೊಂಡದ್ದು ಮಾತ್ರ ಕಂಡಿತು.

ಮಂಡಿಯವರು ಒಂದು ಲೋಡು ಕೊಟ್ಟು ನೋಡಲು ಒಪ್ಪಿದರು. ಈ ಸಲ ನಾನು ಒಳಗೆ ಅವರಿಬ್ಬರ ನಡುವೆ ಕೂತೆ. ಮೊದಲ ತಿರುವಿನಲ್ಲಿ ಗಾಡಿ ತಗ್ಗಿತು, ಅಕ್ಕ ಗೇರು ಇಳಿಸಿದರು, ಸಣ್ಣಗೆ ಶಿಳ್ಳೆ ಎದ್ದಿತು, ಗಾಡಿ ಒಂದೇ ಸಮನೆ ಎತ್ತಿತು. ಜಿಗಿಯಲಿಲ್ಲ, ಸೋಲಲಿಲ್ಲ. ಭಾವನ ಬೆರಳುಗಳು ನನ್ನ ತೋಳನ್ನು ಹಿಡಿದಿದ್ದವು, ಅದು ಅವರಿಗೆ ಗೊತ್ತಿರಲಿಲ್ಲ. ಬಿದಿರು ಮೆಳೆಯ ಹತ್ತಿರ ನಾವು ಮೂವರೂ ಬೇರೆ ಬೇರೆ ಕಡೆ ನೋಡಿದೆವು.

ಮೇಲೆ ಅಂಗಡಿಯ ಮುಂದೆ ನಿಲ್ಲಿಸಿದಾಗ ಬಿಸಿಲು ಇನ್ನೂ ಇತ್ತು. ಮೂಟೆ ಇಳಿಸುವವರು ಹಿಂದೆ ಬಂದು ನಿಂತರು. ಏರು ಹತ್ತಿದ ಇಂಜಿನ್ನನ್ನು ತಕ್ಷಣ ಆಫ್ ಮಾಡಬಾರದು. ಒಳಗೆ ಚಕ್ರ ಇನ್ನೂ ರಭಸದಲ್ಲಿರುತ್ತದೆ, ಅದಕ್ಕೆ ಎಣ್ಣೆ ಬೇಕು. ಅಕ್ಕ ಕೀ ಮೇಲೆ ಕೈ ಇಟ್ಟು ಕಾದರು. ಇಂಜಿನ್ ಮೆಲ್ಲಗೆ ತಿರುಗುತ್ತಿತ್ತು.

“ಆವತ್ತು ನಂಗೆ ಏನೂ ಕಾಣ್ತಾ ಇರ್ನಿಲ್ಲ ತಮ್ಮಯ್ಯ,” ಎಂದರು, ಗಂಡನ ಕಡೆ ನೋಡದೆ. “ರಸ್ತೆನೂ ಕಾಣ್ನಿಲ್ಲ. ಇವ್ರು ಕೂಗಿದ್ದೊಂದೇ ಕೇಳುಸ್ತು.”

ಭಾವ ಕಿಟಕಿಯ ಆಚೆ ಮುಖ ಮಾಡಿಕೊಂಡರು. “ಸಾಕು, ಈಗ ನಿಲ್ಸಮ್ಮಿ,” ಎಂದರು.

ಅಕ್ಕ ಕೀ ತಿರುಗಿಸಿದರು. ಇಂಜಿನ್ ನಿಂತಿತು.